ಯಾರ ಕಡೆಗೆ ಆಡುವುದು?

ಕಾಫಿ ಕೊಯ್ಲು ಮುಗಿದು, ಒಣಗಿದ ಹಣ್ಣು ಚೀಲ ಸೇರಿದ ಮೇಲೆ ಕೊಡಗಿನಲ್ಲಿ ಎರಡೇ ಮಾತು. ಹೂಮಳೆ ಯಾವಾಗ ಬರುತ್ತದೆ ಎಂಬುದು ಒಂದು. ಈ ಸಲದ ಕೌಟುಂಬಿಕ ಹಾಕಿಗೆ ಯಾವ ಮನೆಯಿಂದ ಯಾರು ಯಾರು ಆಡುತ್ತಾರೆ ಎಂಬುದು ಇನ್ನೊಂದು. ಬೆಂಗಳೂರಿನಲ್ಲಿರುವ ಹುಡುಗನಿಗೆ ರಜೆ ಸಿಕ್ಕೀತೇ, ಸೈನ್ಯದಲ್ಲಿರುವವನು ಬಂದಾನೇ, ಹೋದ ವರ್ಷ ಮೊಣಕಾಲು ನೋವು ಎಂದು ಕುಳಿತವನು ಈ ವರ್ಷ ಓಡಿಯಾನೇ? ಸಂತೆಯಲ್ಲಿ, ಬಸ್ಸಿನಲ್ಲಿ, ಮದುವೆ ಊಟದ ಸಾಲಿನಲ್ಲಿ ಇದೇ ಚರ್ಚೆ. ನಾನು ಕೊಡವಳಲ್ಲ. ಆದರೆ ಇಲ್ಲಿನ ಮಕ್ಕಳಿಗೆ ಪಾಠ ಹೇಳುತ್ತಲೇ ತಲೆಗೂದಲು ಬೆಳ್ಳಗಾದವಳು. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲೂ ಫೆಬ್ರವರಿ ಬಂತೆಂದರೆ ಉತ್ತರ ಪತ್ರಿಕೆಗಳ ನಡುವೆ ಆಟಗಾರರ ಪಟ್ಟಿ ಓಡಾಡುತ್ತದೆ.

ಆಟವಿಲ್ಲದ ಕಾಲದಲ್ಲಿ ಆಟಗಾರರ ಬಗ್ಗೆ ಹೀಗೆ ವಾದ ಮಾಡುವುದು ನಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದಲ್ಲಿ ಬೇಸ್‌ಬಾಲ್ ಎಂಬ ಆಟವಿದೆ. ಚಳಿಗಾಲದಲ್ಲಿ ಅಲ್ಲಿ ಆಟ ನಿಲ್ಲುತ್ತದೆ, ಮಾತು ನಿಲ್ಲುವುದಿಲ್ಲ. ಒಲೆಯ ಸುತ್ತ ಕುಳಿತು, ತಮ್ಮ ತಂಡ ಯಾರನ್ನು ಕರೆತರಬೇಕಿತ್ತು, ಯಾರಿಗೆ ಸುಮ್ಮನೆ ದುಡ್ಡು ಸುರಿಯಿತು ಎಂದು ಜನ ಜಗಳವಾಡುತ್ತಾರೆ. ಆ ಮಾತಿಗೆ ಒಲೆಯ ಹೆಸರೇ ಅಂಟಿಕೊಂಡಿದೆ. ಆದರೆ ಒಂದು ಕಾಲಕ್ಕೆ ಆ ಆಟಗಾರರಿಗೆ ತಮ್ಮ ತಂಡವನ್ನು ತಾವೇ ಆರಿಸಿಕೊಳ್ಳುವ ಹಕ್ಕು ಇರಲಿಲ್ಲ. ಹನ್ನೆರಡು ವರ್ಷ ಸೇಂಟ್ ಲೂಯಿಸ್ ತಂಡಕ್ಕೆ ಆಡಿದ ಕರ್ಟ್ ಫ್ಲಡ್ ಎಂಬ ಕರಿಯ ಆಟಗಾರನನ್ನು 1969ರಲ್ಲಿ ಅವನನ್ನು ಕೇಳದೆಯೇ ಫಿಲಡೆಲ್ಫಿಯಾ ತಂಡಕ್ಕೆ ದಾಟಿಸಿದರು. ನಾನು ಮಾರುವ ಕೊಳ್ಳುವ ವಸ್ತುವಲ್ಲ ಎಂದು ಅವನು ಹೋಗಲು ಒಪ್ಪಲಿಲ್ಲ. ಸುಪ್ರೀಂ ಕೋರ್ಟಿನವರೆಗೂ ಹೋದ, 1972ರಲ್ಲಿ ಸೋತ. ಆದರೆ 1975ರ ಕೊನೆಯಲ್ಲಿ ಇನ್ನಿಬ್ಬರು ಆಟಗಾರರ ಪರವಾಗಿ ತೀರ್ಪು ಬಂದು ಆ ಬಾಗಿಲು ತೆರೆಯಿತು. ಒಪ್ಪಂದ ಮುಗಿದ ಆಟಗಾರ ತನಗೆ ಬೇಕಾದ ತಂಡ ಸೇರುವ 'ಫ್ರೀ ಏಜೆಂಟ್' ಪದ್ಧತಿ ಬೆಳೆದದ್ದು ಅಲ್ಲಿಂದ.

ನಮ್ಮ ಕಡೆ ಆಟಗಾರ ಯಾರ ಕಡೆ ಆಡುತ್ತಾನೆಂಬುದನ್ನು ಬಹುಕಾಲ ನಿರ್ಧರಿಸಿದ್ದು ಕೆಲಸ. ಕೊಡಗಿನ ಹುಡುಗ ಸ್ಟಿಕ್ ಹಿಡಿದರೆ ಮನೆಯವರ ಕಣ್ಣ ಮುಂದೆ ಬರುತ್ತಿದ್ದುದು ಸೈನ್ಯ, ರೈಲ್ವೆ, ಬ್ಯಾಂಕು, ಸರ್ಕಾರಿ ಕಾರ್ಖಾನೆ. ಒಳ್ಳೆಯ ಆಟಗಾರನನ್ನು ಕರೆಯುವುದೆಂದರೆ ಅವನಿಗೆ ಖಾಯಂ ನೌಕರಿ ಕೊಡುವುದು. 1973ರ ವಿಶ್ವಕಪ್‌ನಲ್ಲಿ ಭಾರತಕ್ಕೆ ಎರಡನೆಯ ಸ್ಥಾನ ತಂದ ತಂಡದ ನಾಯಕ ಎಂ.ಪಿ. ಗಣೇಶ್ ಸೈನ್ಯದಲ್ಲಿದ್ದು ಬೆಳೆದವರು. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದು, 1988ರಲ್ಲಿ ಸೋಲ್‌ಗೆ ನಾಯಕರಾಗಿ ಹೋದ ಎಂ.ಎಂ. ಸೋಮಯ್ಯ ಭಾರತ್ ಪೆಟ್ರೋಲಿಯಂ ಉದ್ಯೋಗಿ. ಆಗ ಯಾರೂ ಆಟಗಾರನ ಬೆಲೆ ಎಷ್ಟು ಎಂದು ಕೇಳುತ್ತಿರಲಿಲ್ಲ. ಕ್ವಾರ್ಟರ್ಸ್ ಇದೆಯೇ, ಪಿಂಚಣಿ ಇದೆಯೇ ಎಂದು ಹೆಣ್ಣು ಕೊಡುವವರು ಕೇಳುತ್ತಿದ್ದರು.

ಬೆಲೆಯ ಮಾತು ಮನೆಮನೆಗೆ ಬಂದದ್ದು 2008ರಲ್ಲಿ, ಐಪಿಎಲ್ ಹರಾಜಿನೊಂದಿಗೆ. ಕೊಡಗಿನ ರಾಬಿನ್ ಉತ್ತಪ್ಪ ಅವರ ಕಥೆಯನ್ನೇ ನೋಡಿ. ತಂದೆ ವೇಣು ಉತ್ತಪ್ಪ ಹಾಕಿ ಅಂಪೈರ್, ಮಗ ಕ್ರಿಕೆಟಿಗ. ಮೊದಲ ಹರಾಜಿನಲ್ಲಿ ಅವರನ್ನು ಮುಂಬೈ ತಂಡ 8 ಲಕ್ಷ ಡಾಲರಿಗೆ ಕೊಂಡಿತು. 2009ರಲ್ಲಿ ಜಹೀರ್ ಖಾನ್ ಅವರನ್ನು ಮುಂಬೈಗೆ ಬಿಟ್ಟುಕೊಟ್ಟು ಬೆಂಗಳೂರು ತಂಡ ಇವರನ್ನು ಪಡೆಯಿತು. 2011ರಲ್ಲಿ ಪುಣೆ ತಂಡ 21 ಲಕ್ಷ ಡಾಲರು ಕೊಟ್ಟಿತು. 2014ರಲ್ಲಿ ಕೋಲ್ಕತ್ತಕ್ಕೆ ಹೋದವರು ಆ ವರ್ಷ ಎಲ್ಲರಿಗಿಂತ ಹೆಚ್ಚು, 660 ರನ್ ಗಳಿಸಿದರು. "ನಮ್ಮವನನ್ನು ನಮ್ಮವರೇ ಕೈಬಿಟ್ಟರು" ಎಂದು ಇಲ್ಲಿ ಎಷ್ಟು ಜನ ಹಲುಬಿದರೋ! ಹಾಕಿಗೂ ಹರಾಜು ಬಂತು. 2012ರ ಡಿಸೆಂಬರಿನಲ್ಲಿ ಹಾಕಿ ಇಂಡಿಯಾ ಲೀಗ್‌ಗಾಗಿ ಕೊಡಗಿನ ವಿ.ಆರ್. ರಘುನಾಥ್ ಅವರನ್ನು ಉತ್ತರ ಪ್ರದೇಶದ ತಂಡ 76 ಸಾವಿರ ಡಾಲರಿಗೆ, ಸೋಮವಾರಪೇಟೆಯ ಎಸ್.ವಿ. ಸುನಿಲ್ ಅವರನ್ನು ಪಂಜಾಬಿನ ತಂಡ 42 ಸಾವಿರ ಡಾಲರಿಗೆ ಕೊಂಡವು. ಆ ಲೀಗಿನಲ್ಲಿ ಕರ್ನಾಟಕದ ತಂಡವೇ ಇರಲಿಲ್ಲ. ನಮ್ಮ ಮಕ್ಕಳ ಆಟ ನೋಡಬೇಕಾದರೆ ಟೀವಿಯಲ್ಲಿ ಪಂಜಾಬು, ಉತ್ತರ ಪ್ರದೇಶಗಳಿಗೆ ಚಪ್ಪಾಳೆ ಹೊಡೆಯಬೇಕಾಯಿತು.

ಹೆಣ್ಣುಮಕ್ಕಳ ಹೆಸರು ಹರಾಜಿಗೆ ಬಂದಾಗ ಏನಾಯಿತು ಎಂಬುದನ್ನೂ ನೆನಪಿಡಬೇಕು. ಕೊಡಗು ಮೂಲದ ಅಶ್ವಿನಿ ಪೊನ್ನಪ್ಪ, ಜ್ವಾಲಾ ಗುಟ್ಟಾ ಜೊತೆಗೂಡಿ 2010ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ, 2011ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದವರು. 2013ರ ಜುಲೈನಲ್ಲಿ ಬ್ಯಾಡ್ಮಿಂಟನ್ ಲೀಗಿನ ಹರಾಜು ನಡೆಯಿತು. ಇಬ್ಬರೂ ಐಕಾನ್ ಆಟಗಾರ್ತಿಯರು, ಇಬ್ಬರಿಗೂ ಮೂಲಬೆಲೆ 50 ಸಾವಿರ ಡಾಲರು. ಆದರೆ ಲೀಗಿನಿಂದ ಮಹಿಳೆಯರ ಡಬಲ್ಸ್ ಅನ್ನೇ ಕೈಬಿಟ್ಟು, ಅದರ ಜಾಗದಲ್ಲಿ ಇನ್ನೊಂದು ಪುರುಷರ ಸಿಂಗಲ್ಸ್ ಸೇರಿಸಿದರು. ಇವರ ಮೂಲಬೆಲೆ ಅರ್ಧಕ್ಕಿಳಿಯಿತು. ಅಶ್ವಿನಿ 25 ಸಾವಿರಕ್ಕೆ ಪುಣೆ ತಂಡದ ಪಾಲಾದರು. ನಮಗೆ ಮೊದಲೇ ತಿಳಿಸಿರಲಿಲ್ಲ ಎಂದು ಇಬ್ಬರೂ ಬೇಸರಪಟ್ಟರು. ವ್ಯತ್ಯಾಸದ ಹಣ ತುಂಬಿಕೊಡುತ್ತೇವೆ ಎಂದು ಸಂಘಟಕರು ಹೇಳಿದರು. ಹಣ ತುಂಬಿಕೊಡಬಹುದು. ಕೇಳದೆ ಇಳಿಸಿದ್ದನ್ನು ಯಾವ ಲೆಕ್ಕದಲ್ಲಿ ತುಂಬುವುದು? ಸಂತೋಷದ ಸಂಗತಿಯೆಂದರೆ, ಹತ್ತು ವರ್ಷಗಳಲ್ಲಿ ಕಾಲ ಒಂದಿಷ್ಟು ಬದಲಾಯಿತು. 2023ರ ಫೆಬ್ರವರಿಯಲ್ಲಿ ಮಹಿಳೆಯರ ಕ್ರಿಕೆಟ್ ಲೀಗಿಗೇ ಪ್ರತ್ಯೇಕ ಹರಾಜು ನಡೆದು, ಸ್ಮೃತಿ ಮಂಧಾನ ಅವರನ್ನು ಬೆಂಗಳೂರು ತಂಡ 3.4 ಕೋಟಿ ರೂಪಾಯಿಗೆ ಕೊಂಡಿತು. ಅದೇ ಹರಾಜಿನಲ್ಲಿ 10 ಲಕ್ಷಕ್ಕೆ ಬಂದ ನಮ್ಮ ಶ್ರೇಯಾಂಕಾ ಪಾಟೀಲ್, 2024ರಲ್ಲಿ ತಂಡ ಕಪ್ ಗೆದ್ದಾಗ ಆ ಲೀಗಿನಲ್ಲೇ ಎಲ್ಲರಿಗಿಂತ ಹೆಚ್ಚು ವಿಕೆಟ್ ಪಡೆದವಳಾಗಿದ್ದಳು.

ಈ ಬೆಲೆಗಳ ಗದ್ದಲದ ಪಕ್ಕದಲ್ಲಿ ನಮ್ಮ ಕೌಟುಂಬಿಕ ಹಾಕಿಯನ್ನು ಇಟ್ಟು ನೋಡಿದರೆ ಅದರ ಸೊಗಸು ತಿಳಿಯುತ್ತದೆ. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದ ಪಾಂಡಂಡ ಕುಟ್ಟಪ್ಪ ಅವರು ಚದುರಿಹೋದ ಕೊಡವ ಕುಟುಂಬಗಳನ್ನು ಒಂದೆಡೆ ಸೇರಿಸಬೇಕೆಂದು 1997ರಲ್ಲಿ ಕರಡದಲ್ಲಿ ಇದನ್ನು ಆರಂಭಿಸಿದರು. ಮೊದಲ ವರ್ಷ ಬಂದವು 60 ಕುಟುಂಬಗಳು. ವರ್ಷಕ್ಕೊಂದು ಒಕ್ಕ ಆತಿಥ್ಯ ವಹಿಸುತ್ತದೆ, ಕಪ್ಪಿಗೆ ಆ ಒಕ್ಕದ ಹೆಸರು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ಗೆ 360 ತಂಡಗಳು ಬಂದು ಗಿನ್ನೆಸ್ ದಾಖಲೆಯಾಯಿತು. 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್‌ಗೆ 396. ಇಲ್ಲಿ ದುಡ್ಡಿದ್ದವರು ಆಟಗಾರನನ್ನು ಕೊಳ್ಳುವಂತಿಲ್ಲ. ಒಕ್ಕದವರೇ ಆಡಬೇಕು. ಒಲಿಂಪಿಕ್ಸ್‌ಗೆ ಹೋಗಿ ಬಂದವನ ಪಕ್ಕದಲ್ಲಿ ಅರವತ್ತು ದಾಟಿದ ದೊಡ್ಡಪ್ಪ, ಏಳನೆಯ ತರಗತಿಯ ಹುಡುಗಿ ನಿಲ್ಲುತ್ತಾರೆ. ಹೆಣ್ಣು ಗಂಡು ಒಂದೇ ತಂಡದಲ್ಲಿ ಆಡುತ್ತಾರೆ.

ಆದರೆ ಗಂಡುಮಕ್ಕಳಿಗೆ ಇಲ್ಲಿ ಆಯ್ಕೆಯೆಂಬುದಿಲ್ಲ. ಹುಟ್ಟಿದ ಒಕ್ಕವೇ ಅವರ ತಂಡ. ಆಯ್ಕೆ ಇರುವುದು ಮದುವೆಯಾದ ಹೆಣ್ಣುಮಗಳಿಗೆ. ಅವಳು ತವರಿನ ಪರವಾಗಿಯೂ ಆಡಬಹುದು, ಗಂಡನ ಒಕ್ಕದ ಪರವಾಗಿಯೂ ಆಡಬಹುದು. ಎರಡರಲ್ಲಿ ಒಂದನ್ನು ಆರಿಸಬೇಕು, ಅಷ್ಟೆ. ಇಡೀ ಮೈದಾನದಲ್ಲಿ ತನ್ನ ತಂಡವನ್ನು ತಾನೇ ಆರಿಸುವ ಹಕ್ಕುಳ್ಳವಳು ಅವಳು. ಇದು ಹಾಕಿಯವರು ಹೊಸದಾಗಿ ಕಟ್ಟಿದ ನಿಯಮ ಎಂದು ನನಗೆ ಅನ್ನಿಸುವುದಿಲ್ಲ. ಕೊಡವರ ಮದುವೆಯಲ್ಲಿ ಸಂಬಂಧ ಕೊಡುವ ಶಾಸ್ತ್ರವಿದೆ. ಎರಡೂ ಕಡೆಯ ಅರುವರು ಎದುರುಬದುರು ನಿಂತು ವಧುವಿಗೆ ಹೊಸ ಮನೆಯಲ್ಲಿರುವ ಹಕ್ಕುಗಳನ್ನು ಸಾರುತ್ತಾರೆ. ಹಕ್ಕಿನ ಗುರುತಾಗಿ ಕಲ್ಲಿನ ಹರಳುಗಳನ್ನು ಒಪ್ಪಿಸುವಾಗ ಒಂದು ಹರಳನ್ನು ತವರಿನವರು ಉಳಿಸಿಕೊಳ್ಳುವ ಪದ್ಧತಿ ಇದೆ. ಮಗಳ ಪಾಲಿಗೆ ಈ ಮನೆಯ ಬಾಗಿಲು ಪೂರ್ತಿ ಮುಚ್ಚಿಲ್ಲ ಎಂದು ಅದರ ಅರ್ಥ. ಹೆಣ್ಣು ಕೊಟ್ಟರೆ ಕುಲಕ್ಕೆ ಹೊರಗೆ ಎಂದು ಕೇಳಿ ಬೆಳೆದ ನನ್ನಂಥವಳಿಗೆ ಆ ಒಂದು ಹರಳು ದೊಡ್ಡದಾಗಿ ಕಾಣುತ್ತದೆ.

ಹಕ್ಕು ಇದ್ದ ಮಾತ್ರಕ್ಕೆ ಕೈಗೆ ಬಂದಂತಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಾಲೇಜಿನಲ್ಲಿ ಒಳ್ಳೆಯ ಫಾರ್ವರ್ಡ್ ಆಟಗಾರ್ತಿ. ಮದುವೆಯಾದ ಮೊದಲ ವರ್ಷ ಎರಡು ಮನೆಗಳವರೂ ತಮ್ಮ ತಮ್ಮ ಪಟ್ಟಿಯಲ್ಲಿ ಅವಳ ಹೆಸರು ಬರೆದಿಟ್ಟಿದ್ದರು. "ನಮ್ಮ ಮನೆಗೆ ಬಂದವಳು ನಮ್ಮ ಕಡೆ ಆಡುವುದು ಬೇಡವೇ?" ಎಂದು ಅತ್ತೆ. "ಕೈಗೆ ಸ್ಟಿಕ್ ಕೊಟ್ಟು ಕಲಿಸಿದವರು ನಾವಲ್ಲವೇ?" ಎಂದು ತಾಯಿ. ಎರಡರಲ್ಲೂ ನ್ಯಾಯವಿತ್ತು. ಅವಳನ್ನು ಮಾತ್ರ ಯಾರೂ ಕೇಳಿರಲಿಲ್ಲ. ಕೊನೆಗೆ ಅವಳೇ ಅತ್ತೆಯ ಬಳಿ ಕುಳಿತು ಹೇಳಿದಳಂತೆ: "ಅತ್ತೆ, ಇಲ್ಲಿ ಆಡುವವರು ತುಂಬ ಜನ ಇದ್ದಾರೆ. ಅಲ್ಲಿ ತಂಡವೇ ಪೂರ್ತಿಯಾಗುತ್ತಿಲ್ಲ. ಈ ವರ್ಷ ಅಲ್ಲಿಗೆ ಹೋಗುತ್ತೇನೆ." ಅತ್ತೆ ಎರಡು ದಿನ ಮುಖ ಸಣ್ಣಗೆ ಮಾಡಿಕೊಂಡಿದ್ದರಂತೆ. ಆಟದ ದಿನ ಗ್ಯಾಲರಿಯಲ್ಲಿ ಸೊಸೆಯ ಹೆಸರು ಹಿಡಿದು ಎಲ್ಲರಿಗಿಂತ ಜೋರಾಗಿ ಕೂಗಿದವರೂ ಅವರೇ. ಎರಡು ವರ್ಷದ ನಂತರ ಅವಳು ತಾನಾಗಿಯೇ ಗಂಡನ ಮನೆಯ ಜೆರ್ಸಿ ತೊಟ್ಟಳು.

ಕರ್ಟ್ ಫ್ಲಡ್ ಕೋರ್ಟಿಗೆ ಹೋಗಿ ಕೇಳಿದ್ದೂ ಇಷ್ಟೇ: ನನ್ನನ್ನು ಒಂದು ಮಾತು ಕೇಳಿ. ಆಟದ ಮೈದಾನದಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಆ ಹಕ್ಕು ಕೋರ್ಟಿಲ್ಲದೆ, ಹಣವಿಲ್ಲದೆ ಸಿಕ್ಕಿದೆ. ಅದನ್ನು ಉಳಿಸಿಕೊಡುವುದು ಪಟ್ಟಿ ಬರೆಯುವ ಹಿರಿಯರ ಕೈಯಲ್ಲಿದೆ, ಅದಕ್ಕಿಂತ ಹೆಚ್ಚಾಗಿ ಅತ್ತೆಯರ, ತಾಯಂದಿರ ಕೈಯಲ್ಲಿದೆ. ಮುಂದಿನ ಸಲ ಯಾವ ಕಡೆಯ ಪಟ್ಟಿಯಲ್ಲಾದರೂ ಅವಳ ಹೆಸರು ಬರೆಯುವ ಮೊದಲು ಪೆನ್ನು ಕೆಳಗಿಟ್ಟು ಅವಳನ್ನೇ ಕೇಳಿ: "ಈ ವರ್ಷ ಯಾರ ಕಡೆಗೆ ಆಡುತ್ತೀಯಮ್ಮ?"