ಫೂಟ್ಸ್ ಯಾಕಲ್ಲ ಸಾರ್?

ನಾನು ಈ ಶಾಲೆಗೆ ಎಂಟನೇ ತರಗತಿಗೆ ಸೇರಿದ ವರ್ಷದ ಮಾತು. ಕರಿಹಲಗೆಯ ಮೇಲೆ ‘ಫೂಟ್’ ಪದದ ಬಹುವಚನ ಬರೆಯಲು ಕರೆದರು. ಧೈರ್ಯವಾಗಿ ‘ಫೂಟ್ಸ್’ ಎಂದು ಬರೆದೆ. ತರಗತಿಯೆಲ್ಲ ನಕ್ಕಿತು. “ಫೂಟ್ಸ್ ಯಾಕಲ್ಲ ಸಾರ್?” ಎಂದು ಕೇಳಿದೆ. “ಅದು ಹಾಗೇ ಕಣೋ, ಬಾಯಿಪಾಠ ಮಾಡು” ಎಂದರು. ಎಸ್‌ಎಸ್‌ಎಲ್‌ಸಿ ಮುಗಿಯುವವರೆಗೂ ಇಂಗ್ಲಿಷ್ ಪಿರಿಯಡ್ಡಿನಲ್ಲಿ ನಾನು ಮತ್ತೆ ಕೈ ಎತ್ತಲಿಲ್ಲ. ಮುಂದೆ ನಾನೇ ಇಂಗ್ಲಿಷ್ ಮೇಷ್ಟ್ರಾದ ಮೇಲೆ ಉತ್ತರ ಹುಡುಕಿದೆ. ಶಾಲೆಗೆ ಐವತ್ತು ತುಂಬಿದ ಈ ಹೊತ್ತಿನಲ್ಲಿ ಅದನ್ನು ಹಂಚಿಕೊಳ್ಳುತ್ತಿದ್ದೇನೆ.

ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಬಹುವಚನಕ್ಕೆ ಒಂದೇ ನಿಯಮವಿರಲಿಲ್ಲ. ಕೆಲವು ಪದಗಳಿಗೆ ‘ಅಸ್’, ಕೆಲವಕ್ಕೆ ‘ಅನ್’ ಸೇರುತ್ತಿತ್ತು; ಕೆಲವಕ್ಕೆ ಏನೂ ಸೇರುತ್ತಿರಲಿಲ್ಲ. ಆಗ ಪಾದಕ್ಕೆ ‘ಫೋಟ್’ ಎನ್ನುತ್ತಿದ್ದರು. ಅದಕ್ಕೂ ಹಿಂದೆ ಅದರ ಬಹುವಚನ ಪ್ರತ್ಯಯದಲ್ಲಿ ‘ಇ’ ಸ್ವರವಿತ್ತು. ಮುಂದೆ ಬರುವ ‘ಇ’ಗೆ ನಾಲಿಗೆ ಮೊದಲೇ ಸಿದ್ಧವಾಗಿ, ಪದದೊಳಗಿನ ‘ಓ’ ಕ್ರಮೇಣ ‘ಏ’ ಆಯಿತು. ಆಮೇಲೆ ಪ್ರತ್ಯಯ ಉದುರಿತು, ಬದಲಾದ ಸ್ವರ ಉಳಿಯಿತು. ಆ ‘ಫೋಟ್–ಫೇಟ್’ ಜೋಡಿಯೇ ಇಂದಿನ ಫೂಟ್–ಫೀಟ್. ಟೂತ್–ಟೀತ್, ಗೂಸ್–ಗೀಸ್, ಮ್ಯಾನ್–ಮೆನ್, ಮೌಸ್–ಮೈಸ್ ಕೂಡ ಇದೇ ಬಗೆಯವು.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ನಂತರದ ಶತಮಾನಗಳಲ್ಲಿ ‘ಎಸ್’ ಪ್ರತ್ಯಯ ಉಳಿದವನ್ನೆಲ್ಲ ಹಿಂದೆ ಹಾಕುತ್ತ ಬಂತು. ಆದರೆ ಎಲ್ಲ ಊರಲ್ಲೂ ಒಂದೇ ಸಲ ಅಲ್ಲ. ಇಂಗ್ಲೆಂಡಿನ ಮೊದಲ ಮುದ್ರಕ ವಿಲಿಯಂ ಕ್ಯಾಕ್ಸ್‌ಟನ್ 1490ರಲ್ಲಿ ಒಂದು ಪುಸ್ತಕದ ಮುನ್ನುಡಿಯಲ್ಲಿ ಸ್ವಾರಸ್ಯದ ಪ್ರಸಂಗ ಹೇಳಿದ್ದಾನೆ. ಗಾಳಿಯಿಲ್ಲದೆ ಹಡಗು ನಿಂತಾಗ ವ್ಯಾಪಾರಿಯೊಬ್ಬ ದಡಕ್ಕಿಳಿದು ಒಂದು ಮನೆಯಲ್ಲಿ ‘ಎಗ್ಗೆಸ್’ ಕೇಳಿದ. ಮನೆಯಾಕೆ ತನಗೆ ಫ್ರೆಂಚ್ ಬಾರದು ಎಂದಳು. ವ್ಯಾಪಾರಿಗೆ ಸಿಟ್ಟು ಬಂತು, ಏಕೆಂದರೆ ಅವನಿಗೂ ಫ್ರೆಂಚ್ ಬಾರದು! ಇನ್ನೊಬ್ಬ ‘ಐರೆನ್’ ಎಂದಾಗಲೇ ಆಕೆಗೆ ತಿಳಿದದ್ದು. ಎರಡಕ್ಕೂ ಅರ್ಥ ಮೊಟ್ಟೆಗಳು ಎಂದೇ.

‘ಐರೆನ್’ ಮರೆಯಾಯಿತು, ಅದರಂತೆಯೇ ‘ಎನ್’ ಕೊನೆಯಲ್ಲಿರುವ ಆಕ್ಸೆನ್, ಚಿಲ್ಡ್ರೆನ್ ಉಳಿದವು. ಚೈಲ್ಡ್ ಪದಕ್ಕೆ ಹಿಂದೆ ‘ಚಿಲ್ಡ್ರು’ ಎಂಬ ಬಹುವಚನವಿತ್ತು. ಅದು ಸಾಲದೆಂಬಂತೆ ಜನ ಇನ್ನೊಂದು ಪ್ರತ್ಯಯವನ್ನೂ ಸೇರಿಸಿದರು, ನಾವು ‘ಮಕ್ಕಳುಗಳು’ ಎಂದ ಹಾಗೆ. ಶೀಪ್ ಪದಕ್ಕೆ ಅಂದೂ ಏನೂ ಸೇರುತ್ತಿರಲಿಲ್ಲ, ಇಂದೂ ಇಲ್ಲ. ನಮ್ಮೂರಿನ ಕುರಿ ಕಾಯುವವರೂ ‘ಹತ್ತು ಕುರಿ’ ಎನ್ನುತ್ತಾರಲ್ಲವೇ?

ಹೀಗೆ ಉಳಿದ ಪದಗಳನ್ನು ಗಮನಿಸಿ: ಕಾಲು, ಹಲ್ಲು, ಗಂಡಸು, ಹೆಂಗಸು, ಮಗು, ಎತ್ತು, ಇಲಿ, ಕುರಿ. ಎಲ್ಲ ಮನೆ, ಹಟ್ಟಿಯವು. ದಿನವೂ ಬಾಯಲ್ಲಿ ಓಡಾಡಿದ್ದರಿಂದ ಹಳೆಯ ರೂಪ ಮರೆತುಹೋಗಲಿಲ್ಲ.

ಇನ್ನೊಂದು ಸಂಗತಿ ನನ್ನ ಮನಸ್ಸನ್ನು ಹಗುರ ಮಾಡಿತು. ಬುಕ್ ಪದಕ್ಕೂ ಹಿಂದೆ ಫೀಟ್‌ನಂತೆ ಸ್ವರ ಬದಲಾಗುವ ಬಹುವಚನವಿತ್ತು. ಜನ ಅದನ್ನು ಬಿಟ್ಟು ‘ಎಸ್’ ಹಚ್ಚಿದರು, ಬುಕ್ಸ್ ಆಯಿತು. ಅಂದು ಕರಿಹಲಗೆಯ ಮೇಲೆ ನಾನು ಮಾಡಿದ್ದೂ ಅದನ್ನೇ.

ಈಗ ನನ್ನ ತರಗತಿಯಲ್ಲಿ ಯಾರಾದರೂ ‘ಫೂಟ್ಸ್’ ಎಂದು ಬರೆದರೆ ತಿದ್ದುತ್ತೇನೆ. ಆದರೆ ಯಾರಿಗೂ ನಗಲು ಬಿಡುವುದಿಲ್ಲ. ನಿಯಮ ಕಲಿತ ಮಗುವೇ ಆ ತಪ್ಪು ಮಾಡುವುದು. “ಯಾಕೆ ಸಾರ್?” ಎಂದು ಕೇಳಿದರೆ ಮೊಟ್ಟೆಯ ಕಥೆಯಿಂದ ಶುರುಮಾಡುತ್ತೇನೆ.