ಕೆಂಪೇಗೌಡರ ಸೊಸೆ ಲಕ್ಷ್ಮಮ್ಮನ ಐತಿಹ್ಯ

ಲಕ್ಷ್ಮಮ್ಮ (ಲಕ್ಷ್ಮೀದೇವಿ ಎಂದೂ ಪ್ರಸಿದ್ಧಳು) ಬೆಂಗಳೂರಿನ ಸ್ಥಾಪಕ ಕೆಂಪೇಗೌಡರ ಸೊಸೆ. ನಗರದ ಕೋಟೆಯ ಹೆಬ್ಬಾಗಿಲು ನಿಲ್ಲಲೆಂದು ಆಕೆ ತನ್ನ ಪ್ರಾಣವನ್ನೇ ಅರ್ಪಿಸಿದಳೆಂಬ ಕಥೆ ಬೆಂಗಳೂರಿನ ಐತಿಹ್ಯಗಳಲ್ಲಿ ಮುಖ್ಯವಾದುದು. ದಕ್ಷಿಣ ಬೆಂಗಳೂರಿನ ಕೋರಮಂಗಲದಲ್ಲಿ ಆಕೆಯ ಸಮಾಧಿಯೆಂದು ನಂಬಲಾದ ಸ್ಮಾರಕವಿದೆ. ಕಟ್ಟಡ, ಸೇತುವೆ, ಕೆರೆಗಳು ಸ್ಥಿರವಾಗಿ ನಿಲ್ಲಲು ಮನುಷ್ಯನ ಬಲಿ ಬೇಕೆಂಬ ಕಥೆಗಳು ಜಗತ್ತಿನ ಅನೇಕ ಸಂಸ್ಕೃತಿಗಳಲ್ಲಿವೆ. ಲಕ್ಷ್ಮಮ್ಮನ ಐತಿಹ್ಯವೂ ಈ ವರ್ಗಕ್ಕೆ ಸೇರುತ್ತದೆ.

ಹಿನ್ನೆಲೆ

ಯಲಹಂಕ ನಾಡಪ್ರಭು ಹಿರಿಯ ಕೆಂಪೇಗೌಡರು ವಿಜಯನಗರ ಸಾಮ್ರಾಜ್ಯದ ಅಧೀನದಲ್ಲಿ ಆಳುತ್ತಿದ್ದ ಪಾಳೆಯಗಾರರು. 1537ರಲ್ಲಿ ಅವರು ಮಣ್ಣಿನ ಕೋಟೆಯನ್ನು ಕಟ್ಟಿಸಿ ಅದರೊಳಗೆ ಪೇಟೆಯನ್ನು ನೆಲೆಗೊಳಿಸಿದರು. ಹಲಸೂರು, ಯಲಹಂಕ, ಸೊಂಡೇಕೊಪ್ಪ ಮತ್ತು ಆನೇಕಲ್ ದಿಕ್ಕುಗಳ ಬಾಗಿಲುಗಳು ಈ ಕೋಟೆಯ ಮುಖ್ಯ ದ್ವಾರಗಳಾಗಿದ್ದವು. ಮಣ್ಣಿನ ಗೋಡೆಯ ಬುಡದಲ್ಲಿ ನೀರು ನಿಂತರೆ ಅದು ಕುಸಿಯುವುದು ಸಹಜ. ಇಂತಹ ಕುಸಿತಕ್ಕೆ ಜನಮನ ಕಂಡುಕೊಂಡ ಕಾರಣವು ಐತಿಹ್ಯದಲ್ಲಿ ಉಳಿದುಬಂದಿದೆ.

ಐತಿಹ್ಯ

ಪ್ರಚಲಿತ ಕಥೆಯಂತೆ ಕೋಟೆಯ ದಕ್ಷಿಣದ ಹೆಬ್ಬಾಗಿಲನ್ನು ಎಷ್ಟು ಸಲ ಕಟ್ಟಿದರೂ ಅದು ಕುಸಿದುಬೀಳುತ್ತಿತ್ತು. ಗರ್ಭಿಣಿಯೊಬ್ಬಳ ಬಲಿ ಕೊಟ್ಟರೆ ಮಾತ್ರ ಬಾಗಿಲು ನಿಲ್ಲುತ್ತದೆಂದು ಜೋಯಿಸರು ಹೇಳಿದರು. ಕೆಂಪೇಗೌಡರು ಇದಕ್ಕೆ ಒಪ್ಪದೆ ಚಿಂತೆಗೊಳಗಾದರು. ಮಾವನ ಸಂಕಟವನ್ನು ಅರಿತ ತುಂಬು ಗರ್ಭಿಣಿ ಲಕ್ಷ್ಮಮ್ಮ, ಯಾರಿಗೂ ತಿಳಿಸದೆ ರಾತ್ರಿಯಲ್ಲಿ ಹೆಬ್ಬಾಗಿಲಿನ ಬಳಿಗೆ ಹೋಗಿ ಕತ್ತಿಯಿಂದ ತನ್ನ ಕೊರಳನ್ನು ಕತ್ತರಿಸಿಕೊಂಡಳು. ಆನಂತರ ಬಾಗಿಲು ಕುಸಿಯಲಿಲ್ಲ. ಸೊಸೆಯ ನೆನಪಿಗಾಗಿ ಕೆಂಪೇಗೌಡರು ಕೋರಮಂಗಲದಲ್ಲಿ ಗುಡಿಯನ್ನು ಕಟ್ಟಿಸಿದರೆಂದು ಕಥೆ ಮುಗಿಯುತ್ತದೆ.

ಕನ್ನಡ ಜನಪದದಲ್ಲಿ

ಇದೇ ಆಶಯದ ಪ್ರಸಿದ್ಧ ಕನ್ನಡ ಕಥನಗೀತೆ 'ಕೆರೆಗೆ ಹಾರ'. ಕಲ್ಲನಕೇರಿಯ ಮಲ್ಲನಗೌಡನು ಕೆರೆಯನ್ನು ತೋಡಿಸುತ್ತಾನೆ, ಆದರೆ ಹನಿ ನೀರೂ ಬರುವುದಿಲ್ಲ. ಸೊಸೆಯೊಬ್ಬಳನ್ನು ಹಾರವಾಗಿ ಕೊಡಬೇಕೆಂದು ಶಾಸ್ತ್ರ ಹೇಳುವವರು ತಿಳಿಸಿದಾಗ ಮನೆಯವರು ಕಿರಿಯ ಸೊಸೆ ಭಾಗೀರಥಿಯನ್ನು ಆರಿಸುತ್ತಾರೆ. ವಿಷಯ ತಿಳಿದ ಆಕೆ ತವರಿಗೆ ಹೋಗುತ್ತಾಳೆ. ತಂದೆ ತಾಯಿಗೆ ನಿಜವನ್ನು ಹೇಳಲಾರದೆ, ಅತ್ತೆ ಮಾವಂದಿರು ತನ್ನನ್ನು ಬೇರೆ ಇಡುತ್ತಾರೆಂದಷ್ಟೇ ಹೇಳುತ್ತಾಳೆ. ಗೆಳತಿಯೊಬ್ಬಳಿಗೆ ಮಾತ್ರ ನಿಜ ಗೊತ್ತಾಗುತ್ತದೆ. ಗಂಗೆಯ ಪೂಜೆ ಮುಗಿದ ಮೇಲೆ, ಮರೆತುಬಂದ ಚಿನ್ನದ ಬಟ್ಟಲನ್ನು ತರಲು ಆಕೆಯೊಬ್ಬಳನ್ನೇ ಹಿಂದಕ್ಕೆ ಕಳುಹಿಸುತ್ತಾರೆ. ಮೆಟ್ಟಿಲು ಮೆಟ್ಟಿಲಿಗೂ ನೀರು ಏರಿ ಆಕೆ ಮುಳುಗುತ್ತಾಳೆ. ದಂಡಿನಿಂದ ಮರಳಿದ ಪತಿ ಮಾದೇವರಾಯನು ಸಂಗತಿಯನ್ನರಿತು ಅದೇ ಕೆರೆಗೆ ಹಾರುತ್ತಾನೆ.

ಎರಡು ಕಥೆಗಳ ನಡುವೆ ಗಮನಾರ್ಹ ವ್ಯತ್ಯಾಸವಿದೆ. ಭಾಗೀರಥಿಯನ್ನು ಮನೆಯವರು ಆರಿಸುತ್ತಾರೆ, ಲಕ್ಷ್ಮಮ್ಮನನ್ನು ಯಾರೂ ಆರಿಸುವುದಿಲ್ಲ. 'ಕೆರೆಗೆ ಹಾರ'ದಲ್ಲಿ ಗಂಡನ ಸಾವು ಬಲಿಯನ್ನು ಪ್ರಶ್ನಿಸುತ್ತದೆ, ಲಕ್ಷ್ಮಮ್ಮನ ಕಥೆಯಲ್ಲಿ ಗಂಡನ ಮಾತೇ ಬರುವುದಿಲ್ಲ.

ಅನ್ಯ ಸಂಸ್ಕೃತಿಗಳಲ್ಲಿ

ಸರ್ಬಿಯಾ: 19ನೇ ಶತಮಾನದ ಆರಂಭದಲ್ಲಿ ವುಕ್ ಕರಾಜಿಚ್ ಸಂಗ್ರಹಿಸಿದ ಸ್ಕಾದರ್ ಕೋಟೆಯ ಗೀತೆಯಲ್ಲಿ ಮೂವರು ಸಹೋದರರು ಹಗಲು ಕಟ್ಟಿದ ಗೋಡೆ ರಾತ್ರಿ ಬೀಳುತ್ತದೆ. ಮರುದಿನ ಊಟ ತರುವ ಹೆಂಡತಿಯನ್ನು ಗೋಡೆಯೊಳಗೆ ಇಟ್ಟು ಕಟ್ಟಬೇಕೆಂದೂ ಯಾರೂ ಮನೆಯಲ್ಲಿ ಹೇಳಬಾರದೆಂದೂ ಅವರು ಆಣೆ ಮಾಡುತ್ತಾರೆ. ಹಿರಿಯರಿಬ್ಬರು ಮಾತು ಮುರಿಯುತ್ತಾರೆ, ಕಿರಿಯವನ ಹೆಂಡತಿ ಬಲಿಯಾಗುತ್ತಾಳೆ. ಕೂಸಿಗೆ ಹಾಲೂಡಿಸಲು ಗೋಡೆಯಲ್ಲಿ ಕಿಂಡಿ ಬಿಡಿರೆಂದು ಆಕೆ ಬೇಡುತ್ತಾಳೆ. ಅಲ್ಬೇನಿಯಾದಲ್ಲಿ ಇದೇ ಕೋಟೆಯ ಕಥೆ ರೊಜಾಫಾ ಎಂಬ ಹೆಸರಿನಲ್ಲಿದೆ.

ಗ್ರೀಸ್: ಆರ್ತಾ ಸೇತುವೆಯ ಹಾಡಿನಲ್ಲಿ ಮುಖ್ಯ ಮೇಸ್ತ್ರಿಯ ಹೆಂಡತಿಯನ್ನು, ಕೆಳಗೆ ಬಿದ್ದ ಉಂಗುರವನ್ನು ತೆಗೆದುಕೊಡೆಂಬ ನೆಪದಿಂದ ಇಳಿಸಿ ಮುಚ್ಚುತ್ತಾರೆ. ಆಕೆ ಮೊದಲು ಸೇತುವೆಗೆ ಶಾಪ ಕೊಡುತ್ತಾಳೆ. ತನ್ನ ಅಣ್ಣ ಅದನ್ನು ದಾಟಬಹುದೆಂದು ನೆನಪಾದಾಗ ಶಾಪವನ್ನು ಬದಲಿಸುತ್ತಾಳೆ.

ರೊಮೇನಿಯಾ: ಅರ್ಜೆಶ್ ಮಠದ ಶಿಲ್ಪಿ ಮನೊಲೆ, ತನ್ನ ಹೆಂಡತಿ ಬಾರದಿರಲೆಂದು ಮಳೆಗಾಳಿಗಾಗಿ ಪ್ರಾರ್ಥಿಸುತ್ತಾನೆ. ಆಕೆ ಅದನ್ನೂ ಲೆಕ್ಕಿಸದೆ ಬಂದು ಗೋಡೆಯೊಳಗೆ ಸೇರುತ್ತಾಳೆ.

ಜಪಾನ್: ಮರುಓಕಾ ಕೋಟೆಯ ಕಥೆಯಲ್ಲಿ ಒಕ್ಕಣ್ಣಿನ ಬಡ ತಾಯಿ ಓಶಿಜು, ಮಗನನ್ನು ಸಮುರಾಯ್ ಮಾಡುವರೆಂಬ ಮಾತಿನ ಮೇಲೆ ತಾನಾಗಿಯೇ ಬಲಿಗೆ ಒಪ್ಪುತ್ತಾಳೆ. ಆ ಮಾತು ನಡೆಯಲಿಲ್ಲವಾದ್ದರಿಂದ ಆಕೆಯ ಕಣ್ಣೀರಿನಿಂದ ಪ್ರತಿವರ್ಷ ಕಂದಕ ತುಂಬಿ ಹರಿಯುತ್ತಿತ್ತೆಂದು ಜನ ಹೇಳುತ್ತಾರೆ. ಸ್ವಯಂ ಬಲಿಯ ಅಂಶದಿಂದ ಲಕ್ಷ್ಮಮ್ಮನ ಕಥೆಗೆ ಇದು ಹತ್ತಿರವಾಗಿದೆ.

ಬ್ರಿಟನ್: 9ನೇ ಶತಮಾನದ ಲ್ಯಾಟಿನ್ ಕೃತಿ 'ಹಿಸ್ಟೋರಿಯಾ ಬ್ರಿಟೋನಮ್'ನಲ್ಲಿ ಈ ಆಶಯ ತಿರುವು ಪಡೆಯುತ್ತದೆ. ದೊರೆ ವೋರ್ಟಿಗರ್ನನ ಕೋಟೆ ನಿಲ್ಲಲು ತಂದೆಯಿಲ್ಲದ ಬಾಲಕನ ಬಲಿ ಬೇಕೆಂದು ಮಂತ್ರವಾದಿಗಳು ಹೇಳುತ್ತಾರೆ. ಆ ಬಾಲಕನೇ ನೆಲವನ್ನು ಅಗೆಸಿ, ಅಡಿಯಲ್ಲಿರುವ ಕೊಳವನ್ನೂ ಅದರಲ್ಲಿ ಕಾದಾಡುವ ಎರಡು ಸರ್ಪಗಳನ್ನೂ ತೋರಿಸುತ್ತಾನೆ. ಕುಸಿತದ ಕಾರಣ ತಿಳಿದ ಮೇಲೆ ಬಲಿಯ ಅಗತ್ಯವೇ ಉಳಿಯುವುದಿಲ್ಲ.

ವಿಶ್ಲೇಷಣೆ

ನಿರ್ಜೀವ ಕಟ್ಟಡಕ್ಕೆ ಜೀವ ತುಂಬಲು ಒಂದು ಜೀವವನ್ನು ಕೊಡಬೇಕೆಂಬ ಪ್ರಾಚೀನ ನಂಬಿಕೆ ಈ ಕಥೆಗಳ ಮೂಲದಲ್ಲಿದೆಯೆಂದು ಮಿರ್ಚಾ ಎಲಿಯಾಡೆ ಮನೊಲೆಯ ಕಥೆಯನ್ನು ಕುರಿತ 1943ರ ಕೃತಿಯಲ್ಲಿ ವಿವರಿಸಿದರು. ಅಮೆರಿಕದ ಜಾನಪದ ವಿದ್ವಾಂಸ ಅಲನ್ ಡಂಡಿಸ್ 1996ರಲ್ಲಿ ಸಂಪಾದಿಸಿದ ಪ್ರಬಂಧ ಸಂಕಲನದಲ್ಲಿ ಬಾಲ್ಕನ್ ಗೀತೆಗಳ ಜೊತೆಗೆ ಭಾರತದ ಗೀತೆಗಳನ್ನೂ ಚರ್ಚಿಸಿದರು. ಮದುವೆಯ ನಂತರ ಹೆಣ್ಣು ಗಂಡನ ಮನೆಯ ಗೋಡೆಗಳೊಳಗೆ ಬಂದಿಯಾಗುವುದರ ರೂಪಕವಾಗಿ ಅವರು ಈ ಕಥೆಗಳನ್ನು ಓದುತ್ತಾರೆ.

ಕಥೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಬಲಿ ಯಾರೆಂಬುದು ಸ್ಪಷ್ಟವಾಗುತ್ತದೆ. ಹೊರಗಿನಿಂದ ಬಂದ ಸೊಸೆ, ಕಿರಿಯವನ ಹೆಂಡತಿ, ಬಡ ತಾಯಿ, ತಂದೆಯಿಲ್ಲದ ಬಾಲಕ: ಎಲ್ಲರೂ ತಮ್ಮ ಪರವಾಗಿ ಮಾತಾಡುವವರಿಲ್ಲದವರು. ಕಟ್ಟಿಸುವವನಾಗಲಿ ಬಲಿ ಬೇಕೆಂದು ಹೇಳಿದವನಾಗಲಿ ತನ್ನನ್ನು ಅರ್ಪಿಸಿಕೊಳ್ಳುವುದಿಲ್ಲ. ಲಕ್ಷ್ಮಮ್ಮನ ಕಥೆಯನ್ನು ತ್ಯಾಗದ ಆದರ್ಶವೆಂದು ಗೌರವಿಸುವವರಿದ್ದಾರೆ. ಕುಟುಂಬದ ಹಿತಕ್ಕಾಗಿ ಹೆಣ್ಣು ತನ್ನನ್ನು ಅಳಿಸಿಕೊಳ್ಳಬೇಕೆಂಬ ಒತ್ತಡದ ಚಿತ್ರವೆಂದೂ ಅದನ್ನು ಓದಬಹುದು. ಆಜ್ಞೆಯಿಲ್ಲದೆಯೂ ತನ್ನಿಂದ ಏನು ನಿರೀಕ್ಷಿತವೆಂಬುದನ್ನು ಆಕೆ ಅರಿತಿದ್ದಳೆಂಬುದೇ ಕಥೆಯ ತಿರುಳು.

ಐತಿಹ್ಯ ಮತ್ತು ಇತಿಹಾಸ

ಐತಿಹ್ಯವನ್ನು ಘಟನೆಯ ದಾಖಲೆಯಾಗಿ ಸ್ವೀಕರಿಸುವಾಗ ಎಚ್ಚರ ಅಗತ್ಯ. ಹೊಯ್ಸಳ ದೊರೆ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಿದ್ದರಿಂದ 'ಬೆಂದಕಾಳೂರು' ಎಂಬ ಹೆಸರು ಬಂದಿತೆಂಬ ಕಥೆ ಇದಕ್ಕೆ ಉದಾಹರಣೆ. ದಕ್ಷಿಣ ಬೆಂಗಳೂರಿನದೇ ಬೇಗೂರಿನಲ್ಲಿರುವ, ಸುಮಾರು ಕ್ರಿ.ಶ. 890ರ ವೀರಗಲ್ಲು ಬೆಂಗಳೂರಿನ ಕಾಳಗವನ್ನು ಹೆಸರಿಸುತ್ತದೆ. ಅಂದರೆ ಊರಿನ ಹೆಸರು ವೀರಬಲ್ಲಾಳನಿಗಿಂತ ಶತಮಾನಗಳಷ್ಟು ಹಳೆಯದು. ಹಾಗೆಂದು ಐತಿಹ್ಯ ನಿರರ್ಥಕವಲ್ಲ. ನಗರವನ್ನು ಕಟ್ಟುವುದಕ್ಕೆ ತೆತ್ತ ಬೆಲೆಯನ್ನು ಜನ ಹೇಗೆ ನೆನಪಿನಲ್ಲಿಟ್ಟುಕೊಂಡರೆಂಬುದನ್ನು ಲಕ್ಷ್ಮಮ್ಮನ ಕಥೆ ತಿಳಿಸುತ್ತದೆ.

ಸ್ಮಾರಕ

ಮಣ್ಣಿನ ಕೋಟೆಯೂ ಅದರ ಬಾಗಿಲುಗಳೂ ಇಂದು ಉಳಿದಿಲ್ಲ. ಕೃಷ್ಣರಾಜ ಮಾರುಕಟ್ಟೆಯ ಬಳಿ ಕಾಣುವ ಕಲ್ಲಿನ ಕೋಟೆಯು ಹೈದರಾಲಿಯ ಕಾಲದಲ್ಲಿ, 18ನೇ ಶತಮಾನದಲ್ಲಿ, ರೂಪುಗೊಂಡದ್ದು. ಕೆಂಪೇಗೌಡರ ಹೆಸರು ನಗರದ ಮುಖ್ಯ ರಸ್ತೆ, ಬಸ್ ನಿಲ್ದಾಣ ಮತ್ತು ವಿಮಾನ ನಿಲ್ದಾಣಗಳಿಗಿದೆ. ಲಕ್ಷ್ಮಮ್ಮನ ನೆನಪು ಮುಖ್ಯವಾಗಿ ಕೋರಮಂಗಲದ ಸಮಾಧಿಯಲ್ಲಿಯೂ ಜನರು ಹೇಳುವ ಕಥೆಯಲ್ಲಿಯೂ ಉಳಿದಿದೆ.