ಮೋಟ ಹೋಗಿ ಪಂಪು ಬಂತು

ನಮ್ಮ ವಾಚನಾಲಯದ ಹುಡುಗರು ಬಂದು, "ಕಾಕಾ, ಹಾಡು ಇರಲಿ, ಏನರ ಹಳೇ ಇತಿಹಾಸ ಬರದು ಕೊಡ್ರಿ" ಅಂದರು. ನಾನು ಏಳನೇತ್ತ ಕಲಿತವ. ರಾಜರ ಇತಿಹಾಸ ನನಗೆ ಬರೆಯಲು ಬಾರದು. ನಮ್ಮ ಬಾವಿಯ ಇತಿಹಾಸ ಮಾತ್ರ ಗೊತ್ತು. ಉಮದಿಯ ಒಕ್ಕಲಿಗನಿಗೆ ನೀರಿನ ಇತಿಹಾಸ ಅಂದರೆ ಮನಿತನದ ಇತಿಹಾಸವೇ. ಅದಕ್ಕೆ ಪಂಪಿನ ಕಥಿ ಬರೀತೀನಿ.

ನಮ್ಮೂರು 1948ರ ತನಕ ಡಫಳೆಯವರ ಜತ್ತ ಸಂಸ್ಥಾನದಾಗ ಇತ್ತು. ಆಮೇಲೆ ಮುಂಬೈ ಪ್ರಾಂತಕ್ಕೆ ಸೇರಿತು. 1949ರಲ್ಲಿ ದಕ್ಷಿಣ ಸಾತಾರಾ ಜಿಲ್ಲಾ ಆತು, 1960ರಲ್ಲಿ ಅದಕ್ಕೇ ಸಾಂಗಲಿ ಅಂತ ಹೆಸರಾತು. ಹೆಸರು ಬದಲಾದವು, ಮಳಿ ಬದಲಾಗಲಿಲ್ಲ. ಆವಾಗ ಬಾವಿ ನೀರು ಎತ್ತುತ್ತಿದ್ದದ್ದು ಮೋಟ. ಚರ್ಮದ ದೊಡ್ಡ ಚೀಲ, ಹಗ್ಗ, ಕಟ್ಟಿಗಿ ಗಾಲಿ, ಒಂದು ಜೋಡಿ ಎತ್ತು. ಎತ್ತು ಇಳಿಜಾರಿನಾಗ ಮುಂದೆ ಹೋದರೆ ಚೀಲ ಮ್ಯಾಲ ಬರುತ್ತಿತ್ತು, ಹಿಂದೆ ಬಂದರೆ ಕೆಳಗೆ ಇಳಿಯುತ್ತಿತ್ತು. ನಮ್ಮ ಮುತ್ಯಾ ಚರ್ಮ ಒಣಗಿ ಬಿರಿಯದಂತೆ ಎಣ್ಣಿ ಹಚ್ಚುತ್ತಿದ್ದ, ಗಾಲಿ ಅಚ್ಚಿಗೆ ಔಡಲೆಣ್ಣಿ ಬಿಡುತ್ತಿದ್ದ. ನಸುಕಿನಾಗ ಎದ್ದು ಎತ್ತಿನ ಹೆಜ್ಜಿಗೆ ಸರಿಯಾಗಿ ಹಾಡುತ್ತಿದ್ದ. ನಾನು ಹಾಡು ಕಲಿತದ್ದು ಅಲ್ಲೇ.

ಪಂಪು ನಮ್ಮ ಕಡೆಗೆ ಬಂದ ದಾರಿಯಾಗ ಒಬ್ಬ ಕನ್ನಡ ನಾಡಿನ ಮನುಷ್ಯಾ ಇದ್ದಾನ. ಲಕ್ಷ್ಮಣರಾವ ಕಿರ್ಲೋಸ್ಕರ, ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಾಗ. ಮೊದಲು ಬೆಳಗಾವಿಯಾಗ ಸೈಕಲ್ ಅಂಗಡಿ ಇಟ್ಟ, ಆಮೇಲೆ ಕಬ್ಬಿಣದ ನೇಗಿಲು ಮಾಡಿದ. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರತದ ಅಂತ ರೈತರು ಮೊದಲಿಗೆ ಅದನ್ನು ಮುಟ್ಟಲಿಲ್ಲ. ಬೆಳಗಾವಿಯ ಜಾಗಾ ಬಿಡಬೇಕಾಗಿ ಬಂದಾಗ ಔಂಧ ಸಂಸ್ಥಾನದ ರಾಜರು ಕುಂಡಲ ರೋಡ ಸ್ಟೇಶನ್ನಿನ ಬಲ್ಲಿ ಜಮೀನು ಕೊಟ್ಟರು. 1910ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಅದು ಈಗ ನಮ್ಮ ಸಾಂಗಲಿ ಜಿಲ್ಲೆಯಾಗೇ ಅದ. 1920ರ ದಶಕದಾಗ ಅಲ್ಲಿ ತಿರುಗೋ ಚಕ್ರದ ಪಂಪು ತಯಾರಾದವು. 1946ರಲ್ಲಿ ಪುಣೆಯಾಗ ಅದೇ ಮನಿತನದ ಆಯಿಲ್ ಎಂಜಿನ್ ಕಾರಖಾನಿ ಶುರುವಾತು.

ನಮ್ಮ ಹೊಲಕ್ಕೆ ಅದು ಬರಲು ಬರಗಾಲವೇ ಆಗಬೇಕಾತು. 1972ರ ಬರದಾಗ ನಾನು ಸಾಲಿ ಹುಡುಗ. ನಮ್ಮಪ್ಪ, ಅವ್ವ ಸರಕಾರಿ ಕೆಲಸಕ್ಕೆ ಹೋಗಿ ಖಡಿ ಒಡೆದರು. ಸುಕಡಿ ತಿಂದೆವು, ಹೊರದೇಶದ ಕೆಂಪು ಜೋಳದ ರೊಟ್ಟಿ ತಿಂದೆವು. ಮೋಟದ ಎತ್ತು ಮೇವಿಲ್ಲದೆ ಮಾರಿ ಹೋದವು. ಬರ ಮುಗಿದ ಮೇಲೆ ಎತ್ತು ಕೊಳ್ಳುವ ಬದಲಿ ನಮ್ಮಪ್ಪ ಸಾಲ ಮಾಡಿ ಒಂದು ಹಳೇ ಐದು ಎಚ್‌ಪಿ ಎಂಜಿನ್ನು, ಪಂಪು ತಂದ. ಮುತ್ಯಾನ ಹಾಡು ಅವತ್ತಿಗೆ ನಿಂತಿತು. "ಇದು ದಣಿಯೂದಿಲ್ಲ, ಮೇಯೂದಿಲ್ಲ, ಖರೆ ಇದಕ್ಕ ಹಾಡೂ ತಿಳಿಯೂದಿಲ್ಲ" ಅಂದ.

ಪಂಪಿಗೆ ಒಂದು ಮಿತಿ ಅದ. ಅದು ನೀರು ಜಗ್ಗತದ ಅಂತ ನಾವು ತಿಳೀತೀವಿ. ಖರೇ ಹೇಳಬೇಕಂದರೆ, ಪಂಪು ಕೊಳವಿಯೊಳಗಿನ ಗಾಳಿ ಕಡಿಮಿ ಮಾಡತದ, ಹೊರಗಿನ ಗಾಳಿಯ ಭಾರ ನೀರನ್ನು ಮ್ಯಾಲ ನೂಕತದ. ಈ ಮಾತು 1643ರ ಹೊತ್ತಿಗೆ ಇಟಲಿಯ ಟೊರಿಚೆಲ್ಲಿ ಅನ್ನುವವ ತೋರಿಸಿಕೊಟ್ಟ. ಎಂಥ ಪಂಪಾದರೂ 33 ಫೂಟಿನ ಮ್ಯಾಲ ಜಗ್ಗಲಾರದು. ನಮ್ಮ ಬಾವಿಯಾಗ 20-22 ಫೂಟು ದಾಟಿದರೇ ತ್ರಾಸು. ಅದಕ್ಕೇ ನೀರು ಇಳಿದಂಗೆಲ್ಲಾ ಬಾವಿಯೊಳಗೆ ಕಟ್ಟಿ ಕಡಿದು ಎಂಜಿನ್ನು, ಪಂಪು ಎರಡನ್ನೂ ಕೆಳಗೆ ಇಳಿಸುತ್ತಿದ್ದೆವು. ಹೊಗಿ ಕೊಳವಿ ಮಾತ್ರ ಬಾವಿ ಹೊರಗೆ ತರಬೇಕು, ಇಲ್ಲದಿದ್ದರೆ ಒಳಗಿದ್ದವ ಉಸಿರುಗಟ್ಟಿ ಸಾಯತಾನ. ಯಾವ ವರ್ಷ ನೀರು ಎಷ್ಟು ಕೆಳಗಿತ್ತು ಅನ್ನೂದು ಆ ಕಟ್ಟಿ ನೋಡಿದರೆ ಈಗೂ ತಿಳೀತದ.

ಪಂಪಿನ ಜತನ ಎರಡು ಜಾಗಾದಾಗ. ಒಂದು, ಕೊಳವಿಯ ತಳದ ಫೂಟ್‌ವಾಲ್. ಅದರಾಗ ಒಂದು ಹಳ್ಳು ಸಿಕ್ಕರೂ ತುಂಬಿದ ನೀರು ಸೋರಿ ಹೋಗತದ, ಪಂಪು ಬರೇ ಗಾಳಿ ತಿರುವತದ. ಆಗ ಸಗಣಿ ನೀರು ಕಲಸಿ ಹೊಯ್ದು ಸಂದು ಮುಚ್ಚುತ್ತಿದ್ದೆವು. ಅದು ಒಂದು ಹೊತ್ತಿನ ಉಪಾಯ, ಮರುದಿನ ಬಿಚ್ಚಿ ತೊಳೀಲೇಬೇಕು. ಎರಡನೇದು ಗ್ಲ್ಯಾಂಡಿನ ದೋರಿ. ತಿರುಗೋ ದಂಡಿಗೆ ಸುತ್ತಿದ ಈ ದೋರಿಯಿಂದ ನೀರು ಹನಿ ಹನಿ ಬೀಳುತ್ತಿರಬೇಕು. ಧಾರಿ ಬಿದ್ದರೆ ಸಡಿಲಾಗೇದ. ಒಂದು ಹನಿನೂ ಬೀಳದಿದ್ದರೆ ಬಿಗಿ ಹೆಚ್ಚಾಗೇದ, ದಂಡ ಸುಡತದ.

ಇದನ್ನು ನಾನು ನಷ್ಟ ತಿಂದು ಕಲಿತೆ. ಒಂದು ಹಿಂಗಾರಿಯಾಗ ಗೋದಿ ಹಾಲುಗಾಳಾಗಿತ್ತು. ನನಗ ರಾತ್ರಿ ಬಾಜೂ ಊರಾಗ ಗೀಗೀ ಪದದ ಮೇಳ ಇತ್ತು. ಗ್ಲ್ಯಾಂಡ ಸೋರತದ ಅಂತ ನಟ್ಟು ಜೋರಾಗಿ ಬಿಗಿದು, ಎಂಜಿನ್ನು ಚಾಲೂ ಬಿಟ್ಟು ಹಾಡಾಕ ಹೋದೆ. ಮುಂಜಾನೆ ಬಂದು ನೋಡಿದರೆ ದೋರಿ ಸುಟ್ಟು ಕರಕಾಗಿತ್ತು, ದಂಡ ಬಳಿ ಬಿದ್ದು ಸವೆದಿತ್ತು. ಲೇಥಿಗೆ ಒಯ್ದು ಹೊಸಾದು ಮಾಡಿಸಿ ತರಲು ಹನ್ನೊಂದು ದಿನ ಹಿಡಿತು. ಅಷ್ಟರಾಗ ಕಾಳು ಜೊಳ್ಳಾತು. ಆ ಗೋದಿ ಮ್ಯಾಲ ತಂಗಿಯ ಮದಿವಿ ನಿಂತಿತ್ತು. ಮದಿವಿ ಒಂದು ವರ್ಷ ಮುಂದೆ ಹೋತು. ನಮ್ಮಪ್ಪ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು.

ಸಾಲ ತೀರಿಸಲು ಮುಂದಿನ ಹಂಗಾಮಿಗೆ ಕೃಷ್ಣಾ ದಂಡಿಗೆ ಕಬ್ಬಿನ ಕೆಲಸಕ್ಕೆ ಹೋದೆ. ಜತ್ತ ತಾಲೂಕಿನ ಮಂದಿ ಇವತ್ತಿಗೂ ಹಂಗೇ ಹೋಗತಾರ. ನನ್ನನ್ನು ಗಾಣದ ಮನಿಯಾಗ ಹಾಕಿದರು. ಅಲ್ಲಿ ಹೌದಿನಿಂದ ಕಡಾಯಿಗೆ ಕಬ್ಬಿನ ಹಾಲು ಏರಿಸಾಕ ಒಂದು ಸಣ್ಣ ಪಂಪು ಇತ್ತು. ಕಬ್ಬಿನ ಹಾಲು ನೀರಿನಂಥಾದಲ್ಲ, ತಾಸೊತ್ತಿನಾಗ ಹುಳಿಯಾಕ ಹತ್ತತದ. ಪಂಪಿನಾಗ ಉಳಿದ ಒಂದು ಬೊಗಸಿ ಹಳೇ ಹಾಲು ಹೊಸಾ ಹಾಲನ್ನೂ ಕೆಡಸತದ. ಆ ಬೆಲ್ಲ ಪೆಂಟಿ ಕಟ್ಟೂದಿಲ್ಲ, ಮೆತ್ತಗಾಗತದ. ಅಲ್ಲಿದ್ದ ಮುದುಕ ಗುಳವ್ಯಾ ಕಡಾಯಿ ಇಳಿಸಿದ ಕೂಡಲೇ ಜಾಳಗಿ ಬಿಚ್ಚಿಸಿ, ಕಬ್ಬಿನ ಚೂರು ತೆಗೆಸಿ, ಬಿಸಿನೀರು ಹಾಯಿಸುತ್ತಿದ್ದ. ಆಮೇಲೇ ನಮಗೆ ಊಟ. "ಪಂಪು ಉಣ್ಣದ ಮೊದಲ ನೀ ಉಣ್ಣಬ್ಯಾಡ" ಅಂತಿದ್ದ. ಊರಿಗೆ ಬಂದ ಮೇಲೆ ನಾನೂ ಹಂಗೇ ನಡಕೊಂಡೆ. ಮತ್ತೆ ನಮ್ಮ ಪಂಪಿನ ದಂಡ ಸುಡಲಿಲ್ಲ.

ಆಮೇಲೆ ಬೋರು ಬಂದವು, ನೀರೊಳಗೇ ಮುಳುಗುವ ಮೋಟಾರು ಬಂದವು. ನಮ್ಮೂರಾಗ ದ್ರಾಕ್ಷಿ ಬೆಳೀತು. ನೀರು ಮತ್ತೂ ಕೆಳಗೆ ಹೋತು. ಕೃಷ್ಣಾ ನೀರನ್ನು ಹಂತ ಹಂತವಾಗಿ ಎತ್ತುವ ಮ್ಹೈಸಾಳ ಯೋಜನೆಯ ನೀರಿಗಾಗಿ ಪೂರ್ವ ಜತ್ತಿನ ಹಳ್ಳಿಗಳು ವರ್ಷಾನುಗಟ್ಟಲೆ ದಾರಿ ಕಾದವು. 2022ರಲ್ಲಿ ನಮ್ಮ ತಾಲೂಕಿನ ಹಳ್ಳಿಗಳು ಯಾವ ರಾಜ್ಯಕ್ಕೆ ಸೇರಬೇಕು ಅನ್ನೂ ಮಾತು ದೊಡ್ಡ ಸುದ್ದಿಯಾತು. ಹೊರಗಿನವರಿಗೆ ಅದು ಗಡಿಯ ಜಗಳ, ನಮಗ ನೀರಿನ ಸಂಕಟ.

ಹುಡುಗರಿಗೆ ಹೇಳೂದು ಇಷ್ಟೇ. ದೊಡ್ಡ ಪಂಪು ಇರಲಿ, ಸಣ್ಣದಿರಲಿ, ತಂದವನಿಗಿಂತ ಜತನ ಮಾಡಿದವನೇ ನೀರು ಕೊಡತಾನ. ಆ ಹಳೇ ಪಂಪು ಈಗೂ ನಮ್ಮ ಕೊಟ್ಟಿಗಿಯಾಗ ಅದ. ಬಾವಿ ಬತ್ತೇದ, ಅದಕ್ಕ ಕೆಲಸ ಇಲ್ಲ. ಖರೆ ದೀಪಾವಳಿಗೊಮ್ಮೆ ಎಣ್ಣಿ ಬಿಟ್ಟು ಕೈಲೇ ತಿರುವತೀನಿ. ಇನ್ನೂ ಹಗುರಾಗಿ ತಿರುಗತದ.